ಅಡಗಬೇಕಾದವರ ಡಬ್ಬಿ, ಸಿಗಬೇಕಾದವರ ಚೀಲ

ಪ್ರಶ್ನೆ: ನಾನು ನಲವತ್ತರ ಆಸುಪಾಸಿನ ಉದ್ಯೋಗಸ್ಥೆ. ಕಚೇರಿಗೆ ಹೋಗಿಬರಲು ದಿನಕ್ಕೆ ಮೂರು ಗಂಟೆ ರೈಲಿನಲ್ಲೇ ಕಳೆಯುತ್ತದೆ. ತಿಂಗಳಿಗೊಮ್ಮೆ ಗೆಳತಿಯರೊಂದಿಗೆ ಒಂದು ದಿನದ ಚಾರಣಕ್ಕೆ ಹೋಗುತ್ತೇನೆ. ಕೆಲಸದ ನಿಮಿತ್ತ ವರ್ಷಕ್ಕೆ ನಾಲ್ಕೈದು ಬಾರಿ ವಿಮಾನ ಪ್ರಯಾಣವೂ ಇರುತ್ತದೆ. ಇತ್ತೀಚೆಗೆ ಕಚೇರಿಯ ಲಿಫ್ಟಿನಲ್ಲಿ ಒಂದೂವರೆ ಗಂಟೆ ಸಿಕ್ಕಿಬಿದ್ದೆ. ಅದಾಗಿ ಎರಡೇ ವಾರಕ್ಕೆ ಚಾರಣದಲ್ಲಿ ದಾರಿ ತಪ್ಪಿ, ಮಳೆಯಲ್ಲಿ ನೆನೆದು, ಮೊಬೈಲಿನ ಚಾರ್ಜು ಮುಗಿದು, ಕತ್ತಲಲ್ಲಿ ಮೂರು ಗಂಟೆ ಬಂಡೆಯೊಂದರ ಅಡಿ ಕುಳಿತಿದ್ದೆವು. ಮನೆಗೆ ಬಂದವಳೇ ಅಂಗೈಯಗಲದ ತಗಡಿನ ‘ಸರ್ವೈವಲ್ ಕಿಟ್’ ತರಿಸಿಕೊಂಡೆ. ಮೀನಿನ ಗಾಳ, ತಂತಿ ಗರಗಸ, ಅಂಗಿಯ ಗುಂಡಿಯಷ್ಟು ದಿಕ್ಸೂಚಿ, ಕಿಡಿ ಹಾರಿಸುವ ಕಡ್ಡಿ, ಮಡಚಿದ ಬೆಳ್ಳಿ ಬಣ್ಣದ ಹಾಳೆ ಎಂದು ಅದರಲ್ಲಿ ಇಪ್ಪತ್ತೇಳು ಸಾಮಾನುಗಳಿವೆ. ಇಷ್ಟು ಸಾಕೇ? ನೀರು ಸೋಸುವ ಸ್ಟ್ರಾ ಮತ್ತು ದೊಡ್ಡ ಚಾಕು ಇಲ್ಲದ ಕಿಟ್ ಕಿಟ್ಟೇ ಅಲ್ಲವೆಂದು ಗೆಳತಿಯ ಅಣ್ಣ ಹೇಳುತ್ತಾರೆ. ಚೀಲ ಭಾರವಾಗದಂತೆ, ಆದರೆ ಪ್ರತಿದಿನ ಜೊತೆಗಿರುವಂತೆ ಏನೇನು ಇಟ್ಟುಕೊಳ್ಳಬೇಕು? ಅಂದಹಾಗೆ ನನಗೆ ಸ್ವಲ್ಪ ಆಸ್ತಮಾ ಇದೆ, ಇನ್ಹೇಲರ್ ಬಳಸುತ್ತೇನೆ.

ಉತ್ತರ: ನೀವು ಕೇಳಿರುವುದು ಡಬ್ಬಿಯ ಬಗ್ಗೆ, ಆದರೆ ಉತ್ತರದ ಬಹುಪಾಲು ನೀವು ಹೇಳಿದ ಎರಡು ಘಟನೆಗಳಲ್ಲೇ ಇದೆ. ಲಿಫ್ಟಿನೊಳಗೆ ನಿಮಗೆ ಬೇಕಾಗಿದ್ದದ್ದು ಹೊರಗಿನವರೊಂದಿಗೆ ಮಾತಾಡುವ ದಾರಿ, ಒಂದಿಷ್ಟು ಬೆಳಕು ಮತ್ತು ಉಸಿರು ಕಟ್ಟಿದರೆ ಕೈಗೆ ಸಿಗುವ ಇನ್ಹೇಲರ್. ಬಂಡೆಯ ಅಡಿ ಬೇಕಾಗಿದ್ದದ್ದು ಒಣಬಟ್ಟೆ, ಗಾಳಿಗೆ ಮರೆ, ಮತ್ತೆ ಬೆಳಕು, ಜೊತೆಗೆ ನೀವು ಯಾವ ಕಡೆ ಹೋಗಿದ್ದೀರೆಂದು ಬಲ್ಲ ಒಬ್ಬ ವ್ಯಕ್ತಿ. ಆ ನಾಲ್ಕೂವರೆ ಗಂಟೆಗಳಲ್ಲಿ ಮೀನಿನ ಗಾಳವಾಗಲಿ ತಂತಿ ಗರಗಸವಾಗಲಿ ನಿಮಗೆ ನೆನಪಾಗಿರಲಾರದು. ಪ್ರಥಮ ಚಿಕಿತ್ಸೆ ಮತ್ತು ಬೆಟ್ಟದ ರಕ್ಷಣಾ ಕಾರ್ಯವನ್ನು ಎರಡು ದಶಕಗಳಿಂದ ಕಲಿಸುತ್ತಾ ಬಂದ ನಾನು ಒಮ್ಮೆಯೂ ಮೀನು ಹಿಡಿದು ಬದುಕಿ ಬಂದ ದಿನದ ಚಾರಣಿಗರನ್ನು ಕಂಡಿಲ್ಲ. ನೆನೆದ ಬಟ್ಟೆಯಲ್ಲಿ ನಡುಗುತ್ತಾ, ಸತ್ತ ಮೊಬೈಲನ್ನು ಕೈಯಲ್ಲಿ ಹಿಡಿದು ಕುಳಿತವರನ್ನು ಮಾತ್ರ ಲೆಕ್ಕವಿಲ್ಲದಷ್ಟು ಕಂಡಿದ್ದೇನೆ.

ಹಾಗಾದರೆ ಡಬ್ಬಿಯೊಳಗೆ ಗಾಳ ಬಂದದ್ದಾದರೂ ಹೇಗೆ? ಇದಕ್ಕೊಂದು ಹಿನ್ನೆಲೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಎಂಐ9 ಎಂಬ ಸೇನಾ ಗುಪ್ತಚರ ವಿಭಾಗವು ವಿಮಾನಪಡೆಯವರಿಗೆ ಜೇಬಿನಲ್ಲಿ ಹಿಡಿಯುವ ಚಿಕ್ಕ ಪೆಟ್ಟಿಗೆಗಳನ್ನು ಕೊಡುತ್ತಿತ್ತು. ಮಾಲ್ಟ್ ಬೆರೆತ ಹಾಲಿನ ಬಿಲ್ಲೆಗಳು, ನೀರು ಶುದ್ಧಗೊಳಿಸುವ ಮಾತ್ರೆಗಳು, ನೀರು ತುಂಬಿಕೊಳ್ಳಲು ರಬ್ಬರಿನ ಚೀಲ, ಬೆಂಕಿಕಡ್ಡಿ, ಪುಟ್ಟ ದಿಕ್ಸೂಚಿ ಅದರಲ್ಲಿರುತ್ತಿದ್ದವು. ರೇಷ್ಮೆಯ ಮೇಲೆ ಮುದ್ರಿಸಿದ ನಕ್ಷೆಗಳೂ ಸಿಗುತ್ತಿದ್ದವು. ಶತ್ರುನೆಲದಲ್ಲಿ ವಿಮಾನ ಉರುಳಿದ ಮೇಲೆ ಆ ಸೈನಿಕನು ಯಾರ ಕಣ್ಣಿಗೂ ಬೀಳದೆ, ಹಗಲು ಅಡಗಿ, ರಾತ್ರಿ ನಡೆದು, ದಿನಗಟ್ಟಲೆ ತಾನೇ ಅನ್ನನೀರು ನೋಡಿಕೊಂಡು ಗಡಿ ದಾಟಬೇಕಿತ್ತು. ಇಂದಿನ ಅಂಗೈಯಗಲದ ಡಬ್ಬಿಗಳು ಬಹುಮಟ್ಟಿಗೆ ಈ ಸೈನಿಕ ಕಲ್ಪನೆಯ ಸಂತತಿ. ನಿಮ್ಮ ಪರಿಸ್ಥಿತಿಯಾದರೋ ಇದಕ್ಕೆ ಪೂರ್ತಿ ತಿರುಗುಮುರುಗು: ನೀವು ಆದಷ್ಟು ಬೇಗ ಯಾರ ಕಣ್ಣಿಗಾದರೂ ಬೀಳಬೇಕು, ಮತ್ತು ಅಲ್ಲಿಯವರೆಗಿನ ಕೆಲವು ಗಂಟೆಗಳು, ಹೆಚ್ಚೆಂದರೆ ಒಂದು ರಾತ್ರಿ, ಕೈಕಾಲು ನೆಟ್ಟಗಿಟ್ಟುಕೊಂಡು ಕಾಯಬೇಕು. ಡಬ್ಬಿಯ ಒಂದೊಂದು ಸಾಮಾನನ್ನೂ ಮೇಜಿನ ಮೇಲೆ ಹರಡಿ, ‘ಇದು ನಾನು ಸಿಗಲು ನೆರವಾಗುತ್ತದೆಯೇ, ಸಿಗುವವರೆಗೆ ಕಾಯಲು ನೆರವಾಗುತ್ತದೆಯೇ’ ಎಂದು ಕೇಳಿಕೊಳ್ಳಿ. ಎರಡಕ್ಕೂ ಇಲ್ಲವೆಂದರೆ ಪಕ್ಕಕ್ಕಿಡಿ.

ಈ ಪ್ರಶ್ನೆಗೆ ತಂತಿ ಗರಗಸ ಮೊದಲೇ ಸೋಲುತ್ತದೆ, ಏಕೆಂದರೆ ಅಗ್ಗದ ತಂತಿ ಮಣಿಕಟ್ಟಿನಷ್ಟು ದಪ್ಪದ ಕೊಂಬೆ ತುಂಡಾಗುವ ಮೊದಲೇ ತುಂಡಾಗುತ್ತದೆ. ಗುಂಡಿಯಷ್ಟು ದಿಕ್ಸೂಚಿ ಉತ್ತರ ಯಾವ ಕಡೆಯೆಂದು ಸುಮಾರಾಗಿ ತೋರಿಸಬಹುದು, ಆದರೆ ನಕ್ಷೆಯಿಲ್ಲದವರಿಗೆ ಉತ್ತರ ದಿಕ್ಕು ಗೊತ್ತಾಗಿ ಆಗಬೇಕಾದ್ದೇನು? ಮೇಲಾಗಿ ಅದನ್ನು ಮೊಬೈಲು ಅಥವಾ ಚಾಕುವಿನ ಪಕ್ಕದಲ್ಲಿ ಹಿಡಿದರೆ ಮುಳ್ಳು ಬೇರೆಯೇ ದಿಕ್ಕು ಹೇಳುತ್ತದೆ. ಕಿಡಿ ಹಾರಿಸುವ ಕಡ್ಡಿಯನ್ನು ನಾನು ಸುಳ್ಳೆನ್ನಲಾರೆ. ಫೆರೋಸೀರಿಯಂ ಎಂಬ ಆ ಮಿಶ್ರಲೋಹದ ಕಿಡಿ ಬಹಳ ಬಿಸಿ, ಒದ್ದೆಯಾದರೂ ಒರೆಸಿ ಉಜ್ಜಿದರೆ ಹಾರುತ್ತದೆ. ಕಷ್ಟವಿರುವುದು ಕಿಡಿಯ ನಂತರ: ನೆನೆದ ಕಾಡಿನಲ್ಲಿ ಆ ಕಿಡಿಯನ್ನು ಹಿಡಿದುಕೊಳ್ಳುವಂಥ ಒಣ ನಾರು ಹುಡುಕಿ, ಜ್ವಾಲೆ ಮಾಡಿ, ಕಟ್ಟಿಗೆಗೆ ದಾಟಿಸುವುದು ಹತ್ತಾರು ಬಾರಿ ಮಾಡಿ ಕಲಿತವರಿಗಷ್ಟೇ ಸಾಧ್ಯ. ಸಾಧಾರಣ ಲೈಟರು ಅದೇ ಕೆಲಸವನ್ನು ಒಂದೇ ಬೆರಳಿನಲ್ಲಿ ಮಾಡುತ್ತದೆ. ಲೈಟರಿನ ದೌರ್ಬಲ್ಯ ಚಳಿ. ಅದರೊಳಗಿನ ಬ್ಯೂಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಸರಿಯಾಗಿ ಅನಿಲವಾಗುವುದಿಲ್ಲ, ಆಗ ಕಂಕುಳಲ್ಲಿ ಐದು ನಿಮಿಷ ಇಟ್ಟುಕೊಂಡರೆ ಮತ್ತೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ಹತ್ತಿಯ ಉಂಡೆಗಳು ಮೂರ್ನಾಲ್ಕು ಜೊತೆಗಿರಲಿ, ಒಂದೊಂದೂ ಕೆಲವು ನಿಮಿಷ ಉರಿಯುತ್ತದೆ. ಇಷ್ಟಾಗಿಯೂ ಬೆಂಕಿಯನ್ನು ನಾನು ಕೊನೆಯ ಆಯ್ಕೆಯಾಗಿಯೇ ಇಡುತ್ತೇನೆ. ಒಣಗಿದ ಕಾಡಿನಲ್ಲಿ ಅದು ನೀವು ಪಾರಾಗಬೇಕಾದ ಅಪಾಯವನ್ನೇ ನೂರು ಪಟ್ಟು ಮಾಡಬಲ್ಲದು, ನೆನೆದ ಕಾಡಿನಲ್ಲಿ ಹೊತ್ತುವುದೇ ಇಲ್ಲ.

ಯಾವುದು ಮೊದಲು ಬೇಕೆಂಬುದನ್ನು ನೆನಪಿಟ್ಟುಕೊಳ್ಳಲು ಬೋಧಕರು ‘ಮೂರರ ಸೂತ್ರ’ ಹೇಳುತ್ತಾರೆ. ಉಸಿರಿಲ್ಲದೆ 3 ನಿಮಿಷ, ಕಠಿಣ ಹವೆಯಲ್ಲಿ ಮರೆಯಿಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಆಹಾರವಿಲ್ಲದೆ 3 ವಾರ. ಇದು ಅಳೆದು ಬರೆದ ನಿಯಮವಲ್ಲ. ಉರಿಬಿಸಿಲಿನಲ್ಲಿ ದುಡಿಯುವವರು ನೀರಿಲ್ಲದೆ ಒಂದು ದಿನವೂ ತಾಳದಿರಬಹುದು. ಆದರೆ ಅದು ಹೇಳುವ ಸರದಿ ಸರಿಯಾಗಿದೆ. ಆಹಾರ ಕಟ್ಟಕಡೆಗೆ ಬರುತ್ತದೆಂಬುದನ್ನೂ, ನಾವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ‘ಮರೆ’ ಎರಡನೆಯ ಸ್ಥಾನದಲ್ಲಿದೆ ಎಂಬುದನ್ನೂ ಗಮನಿಸಿ.

ಈ ಎರಡನೆಯ ಸ್ಥಾನದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನೀವು ಬಂಡೆಯಡಿ ಕುಳಿತ ಮೂರು ಗಂಟೆಗಳಲ್ಲಿ ನಿಜಕ್ಕೂ ಹತ್ತಿರ ಬಂದಿದ್ದ ಅಪಾಯ ಅದೇ. ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್; ಅದು 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಕೇವಲ ಎರಡು ಡಿಗ್ರಿಯ ಅಂತರ. ಇದಕ್ಕೆ ಹಿಮ ಬೀಳಬೇಕೆಂದಿಲ್ಲ. ಹತ್ತು ಹದಿನೈದು ಡಿಗ್ರಿಯ ಹವೆಯಲ್ಲಿಯೂ ಮಳೆ, ಗಾಳಿ, ದಣಿವು ಮೂರೂ ಕೂಡಿದರೆ ಆರೋಗ್ಯವಂತರೂ ಆ ಸ್ಥಿತಿಗೆ ಜಾರುತ್ತಾರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಎಳೆದೊಯ್ಯುತ್ತದೆ, ಹೀಗಾಗಿ ಮೈಗೆ ಅಂಟಿದ ಒದ್ದೆ ಹತ್ತಿಬಟ್ಟೆ ಉಡುಪಾಗಿ ಉಳಿಯದೆ ಶಾಖ ಹೀರುವ ಯಂತ್ರವಾಗುತ್ತದೆ. ಮೊದಲ ಲಕ್ಷಣ ನಡುಕ. ಬಳಿಕ ಬೆರಳುಗಳು ಮಾತು ಕೇಳುವುದಿಲ್ಲ, ನಾಲಿಗೆ ತೊದಲುತ್ತದೆ, ನಡೆ ತಡವರಿಸುತ್ತದೆ, ಮತ್ತು ಎಲ್ಲಕ್ಕಿಂತ ಕೆಟ್ಟದ್ದು, ವಿವೇಚನೆ ಕೈಬಿಡುತ್ತದೆ. ತನಗೇನೂ ಆಗಿಲ್ಲವೆಂದು ವಾದಿಸುವವರನ್ನು ನಾನು ಹೊತ್ತು ತಂದಿದ್ದೇನೆ. ಬೆಚ್ಚಗಾಗದೆಯೇ ನಡುಕ ನಿಂತರೆ ಅದನ್ನು ಸುಧಾರಣೆಯೆಂದು ತಿಳಿಯಬಾರದು, ಸ್ಥಿತಿ ಬಿಗಡಾಯಿಸಿದೆ ಎಂದೇ ಅರ್ಥ.

ನಿಮ್ಮ ಡಬ್ಬಿಯಲ್ಲಿರುವ ಬೆಳ್ಳಿ ಬಣ್ಣದ ಹಾಳೆ ಈ ಉದ್ದೇಶಕ್ಕಾಗಿಯೇ ಇದೆ, ಆದರೆ ಅದರ ಮೇಲೆ ಹೊರಿಸಿದ ಭರವಸೆ ಅದರ ಶಕ್ತಿಗೆ ಮೀರಿದ್ದು. ದೇಹದಿಂದ ಶಾಖ ನಾಲ್ಕು ದಾರಿಗಳಲ್ಲಿ ಹೋಗುತ್ತದೆ: ತಣ್ಣನೆಯ ನೆಲಕ್ಕೆ ತಾಗಿ, ಬೀಸುವ ಗಾಳಿಗೆ ಸಿಕ್ಕಿ, ಒದ್ದೆ ಆರುವಾಗ ಆವಿಯಾಗಿ, ಮತ್ತು ವಿಕಿರಣವಾಗಿ. ಲೋಹ ಲೇಪಿಸಿದ ಆ ತೆಳು ಪ್ಲಾಸ್ಟಿಕ್ ಹಾಳೆ ಚೆನ್ನಾಗಿ ತಡೆಯುವುದು ಕೊನೆಯದನ್ನು ಮಾತ್ರ. ಗಾಳಿಯನ್ನು ಅದು ತಡೆಯಬಲ್ಲದಾದರೂ ಗಾಳಿಯಲ್ಲಿ ಹಾರಾಡುತ್ತದೆ, ಮುಳ್ಳಿಗೆ ತಾಗಿದರೆ ಹರಿಯುತ್ತದೆ, ನೆಲದ ತಣ್ಪಿಗಂತೂ ಅಡ್ಡಿಯೇ ಅಲ್ಲ. ಅದರ ಬದಲು ಚಾರಣದ ಚೀಲದಲ್ಲಿ ಎರಡು ವಸ್ತುಗಳಿರಲಿ. ಒಂದು, ಮನುಷ್ಯ ಹಿಡಿಸುವಷ್ಟು ದೊಡ್ಡದಾದ ದಪ್ಪ ಪ್ಲಾಸ್ಟಿಕ್ ಚೀಲ. ಕಸದ ಚೀಲಗಳಲ್ಲೇ ದಪ್ಪನೆಯ ದೊಡ್ಡ ಗಾತ್ರದ್ದು, ಎದ್ದು ಕಾಣುವ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಅದರ ತಳದ ಮೂಲೆಯಲ್ಲಿ ಮುಖ ಪೂರ್ತಿ ಹೊರಗೆ ಬರುವಷ್ಟು ತೂತು ಕತ್ತರಿಸಿ ತಲೆಯ ಮೇಲಿಂದ ಹಾಕಿಕೊಂಡು, ಮೊಣಕಾಲು ಮಡಚಿ ಕುಳಿತರೆ ಮಳೆಗಾಳಿ ಎರಡೂ ಹೊರಗುಳಿಯುತ್ತವೆ. ಮುಖವನ್ನು ಎಂದಿಗೂ ಚೀಲದೊಳಗೆ ಇಡಬಾರದು; ಉಸಿರುಗಟ್ಟುವುದು ತಿಳಿಯುವಷ್ಟರಲ್ಲಿ ಪ್ರಜ್ಞೆ ಹೋಗಿರುತ್ತದೆ. ಇನ್ನೊಂದು, ನೀರು ಹೋಗದ ಚೀಲದಲ್ಲಿ ಕಟ್ಟಿಟ್ಟ ಉಣ್ಣೆಯ ಅಥವಾ ಕೃತಕ ನೂಲಿನ ಒಂದು ಬೆಚ್ಚನೆಯ ಅಂಗಿ ಮತ್ತು ಟೋಪಿ. ಕುಳಿತುಕೊಳ್ಳುವಾಗ ಬೆನ್ನುಚೀಲವನ್ನೋ, ಹಗ್ಗದ ಸುರುಳಿಯನ್ನೋ, ಒಣ ಎಲೆಗಳ ದಪ್ಪ ರಾಶಿಯನ್ನೋ ಕೆಳಗೆ ಹಾಕಿಕೊಂಡು ಮೈಯನ್ನು ನೆಲದಿಂದ ಬೇರ್ಪಡಿಸಬೇಕು. ಬೆಳ್ಳಿ ಹಾಳೆಯನ್ನು ಎಸೆಯಬೇಡಿ. ಒಣ ಅಂಗಿಗೂ ಹೊರಗಿನ ಚೀಲಕ್ಕೂ ನಡುವೆ ಅದಕ್ಕೆ ಒಳ್ಳೆಯ ಕೆಲಸವಿದೆ, ಬೆಳಕನ್ನು ಪ್ರತಿಫಲಿಸುವುದರಿಂದ ಹುಡುಕುವವರ ಕಣ್ಣಿಗೂ ಬೀಳುತ್ತದೆ.

ಇನ್ನು ಸಿಗುವ ವಿಷಯ. 2003ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಯೂಟಾ ರಾಜ್ಯದ ಇಕ್ಕಟ್ಟಿನ ಕಮರಿಯೊಂದರಲ್ಲಿ ಆರನ್ ರಾಲ್ಸ್ಟನ್ ಎಂಬ ಅನುಭವಿ ಪರ್ವತಾರೋಹಿಯ ಬಲಗೈ ಬಂಡೆಯ ಅಡಿ ಸಿಕ್ಕಿಕೊಂಡಿತು. ಅವರ ಬಳಿ ಹಗ್ಗವಿತ್ತು, ಹತ್ತುವ ಸಲಕರಣೆಯಿತ್ತು, ಚಾಕು, ಇಕ್ಕಳ ಮುಂತಾದವು ಒಂದರಲ್ಲೇ ಮಡಚಿರುವ ಮಲ್ಟಿಟೂಲ್ ಕೂಡ ಇತ್ತು. ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಅವರು ಯಾರಿಗೂ ಹೇಳಿರಲಿಲ್ಲ. ಸುಮಾರು 127 ಗಂಟೆಗಳ ಬಳಿಕ ಆ ಮಲ್ಟಿಟೂಲಿನ ಮೊಂಡು ಚಾಕುವಿನಿಂದಲೇ ತನ್ನ ಮುಂಗೈಯನ್ನು ಕತ್ತರಿಸಿಕೊಂಡು ಅವರು ಹೊರಬಂದರು. ಕಥೆ ಕೇಳಿದವರು ಚಾಕುವನ್ನು ನೆನಪಿಟ್ಟುಕೊಳ್ಳುತ್ತಾರೆ. ರಕ್ಷಣಾ ಕೆಲಸದಲ್ಲಿರುವ ನಾವು ನೆನಪಿಟ್ಟುಕೊಳ್ಳುವುದು ಅವರು ಹೇಳದೆ ಹೋದ ಆ ಒಂದು ಮಾತನ್ನು. ಹೊರಡುವ ಮುನ್ನ ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಜನ, ಎಷ್ಟು ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬ ನಾಲ್ಕು ಸಾಲನ್ನು ಮನೆಯಲ್ಲಿರುವವರಿಗೆ ಬರೆದು ಕಳುಹಿಸಿ. ಇದಕ್ಕೆ ತೂಕವೂ ಇಲ್ಲ, ಚೀಲದಲ್ಲಿ ಜಾಗವೂ ಬೇಡ. ದಾರಿ ಬದಲಾದರೆ ಮತ್ತೊಂದು ಸಾಲು.

ದಾರಿ ತಪ್ಪಿದೆಯೆಂದು ಖಚಿತವಾದ ಕೂಡಲೇ ನಿಲ್ಲಬೇಕು. ಕತ್ತಲಲ್ಲಿ ನಡೆಯುತ್ತಾ ಹೋದವರು ಹುಡುಕುವ ಪ್ರದೇಶವನ್ನು ಹಿಗ್ಗಿಸುತ್ತಾರೆ, ಕಾಲನ್ನೂ ಮುರಿದುಕೊಳ್ಳುತ್ತಾರೆ. ನೀವು ಬಂಡೆಯಡಿ ಕುಳಿತದ್ದು ಸರಿಯಾದ ನಿರ್ಧಾರವೇ ಆಗಿತ್ತು. ಕೂಗುವ ಗಂಟಲು ಹತ್ತಿಪ್ಪತ್ತು ನಿಮಿಷಕ್ಕೆ ಒಡೆಯುತ್ತದೆ, ಆದರೆ ಸೀಟಿಯನ್ನು ರಾತ್ರಿಯಿಡೀ ಊದಬಹುದು. ಒಳಗೆ ಉರುಳುವ ಗುಂಡು ಇಲ್ಲದ ಪ್ಲಾಸ್ಟಿಕ್ ಸೀಟಿ ಕೊಳ್ಳಿ, ನೆನೆದರೂ ಅದು ಕೆಡುವುದಿಲ್ಲ, ಲೋಹದ ಸೀಟಿಯಂತೆ ಚಳಿಯಲ್ಲಿ ತುಟಿಗೆ ಅಂಟುವುದೂ ಇಲ್ಲ. ಮೂರು ಸಲ ಊದಿ ನಿಲ್ಲಿಸಿ ಮತ್ತೆ ಮೂರು ಸಲ ಊದುವುದು ಹಲವೆಡೆ ಅಪಾಯದ ಸಂಕೇತ; ಆಲ್ಪ್ಸ್ ಪರ್ವತಗಳ ಪದ್ಧತಿಯಲ್ಲಿ ನಿಮಿಷಕ್ಕೆ 6 ಸಲ ಊದಿ ಅಥವಾ ಬೆಳಕು ಮಿನುಗಿಸಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಮೊದಲಿಡುತ್ತಾರೆ, ಉತ್ತರವಾಗಿ ನಿಮಿಷಕ್ಕೆ 3 ಸಂಕೇತ ಬರುತ್ತದೆ. ಯಾವ ಪದ್ಧತಿಯಾದರೂ ನಡುವಿನ ಮೌನವನ್ನು ಬಿಡಬಾರದು, ಏಕೆಂದರೆ ಎದುರಿನ ಕೂಗು ಕೇಳಿಸುವುದು ಆ ಮೌನದಲ್ಲೇ. ಸೀಟಿ ಚೀಲದ ತಳದಲ್ಲಿರದೆ ಹೆಗಲಪಟ್ಟಿಗೆ ಕಟ್ಟಿರಲಿ. ಲಿಫ್ಟಿನಲ್ಲಿಯೂ, ಕುಸಿದ ಗೋಡೆಯ ಅಡಿಯಲ್ಲಿಯೂ ಇದೇ ಸೀಟಿಯೇ ಕೆಲಸಕ್ಕೆ ಬರುವುದು.

ಮೊಬೈಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ನೆಟ್‌ವರ್ಕ್ ಇಲ್ಲದಿದ್ದರೂ 112ಕ್ಕೆ ಕರೆ ಹೋಗುತ್ತದೆ ಎಂಬುದು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಬೇರೆ ಕಂಪನಿಯ ಗೋಪುರ ಹತ್ತಿರವಿದ್ದರೆ ತುರ್ತು ಕರೆಯನ್ನು ಅದು ಎತ್ತಿಕೊಳ್ಳಬಹುದು, ಅಷ್ಟು ನಿಜ. ಯಾವ ಗೋಪುರದ ಸಿಗ್ನಲ್ಲೂ ತಲುಪದ ಕಣಿವೆಯಲ್ಲಿ 112 ಕೂಡ ಮೂಕ. 2022ರಲ್ಲಿ ಬಂದ ಐಫೋನ್ 14ರಿಂದ ಈಚೆಗೆ ಕೆಲವು ಫೋನುಗಳು ಉಪಗ್ರಹದ ಮೂಲಕ ತುರ್ತು ಸಂದೇಶ ಕಳುಹಿಸುತ್ತವೆ, ಆದರೆ ಆ ಸೇವೆ ಎಲ್ಲ ದೇಶಗಳಲ್ಲೂ ಇಲ್ಲ. ಸಿಗ್ನಲ್ ಕ್ಷೀಣವಾಗಿರುವಲ್ಲಿ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ದಾಟಿಬಿಡುವುದುಂಟು, ಪ್ರಯತ್ನಿಸಿ. ಗೋಪುರ ಸಿಗದ ಫೋನು ಅದನ್ನು ಹುಡುಕುತ್ತಲೇ ತನ್ನ ಬ್ಯಾಟರಿಯನ್ನು ತಿಂದು ಮುಗಿಸುತ್ತದೆ. ನಿಮ್ಮ ಫೋನು ಅಂದು ಸತ್ತದ್ದೂ ಹಾಗೆಯೇ ಇರಬೇಕು. ಕಾಡು ಹೊಕ್ಕ ಕೂಡಲೇ ಏರ್‌ಪ್ಲೇನ್ ಮೋಡಿಗೆ ಹಾಕಿದರೂ ಬಹುತೇಕ ಫೋನುಗಳಲ್ಲಿ ಜಿಪಿಎಸ್ ಕೆಲಸ ಮಾಡುತ್ತಿರುತ್ತದೆ, ಏಕೆಂದರೆ ಅದು ಉಪಗ್ರಹದ ಸಂಕೇತವನ್ನು ಪಡೆಯುತ್ತದೆಯೇ ಹೊರತು ಗೋಪುರವನ್ನು ಅವಲಂಬಿಸಿಲ್ಲ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು.

ಪವರ್ ಬ್ಯಾಂಕ್ ಕೊಳ್ಳುವಾಗ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. 10,000 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟಿನ ಲೆಕ್ಕದಲ್ಲಿ, ಅಂದರೆ 37 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಒಂದು ಪಾಲು ಶಾಖವಾಗಿ ಹೋಗುವುದರಿಂದ 5,000 ಎಂಎಎಚ್‌ನ ಫೋನನ್ನು ಅದು ಎರಡು ಬಾರಿಯಲ್ಲ, ಒಂದೂಕಾಲು ಅಥವಾ ಒಂದೂವರೆ ಬಾರಿಯಷ್ಟೇ ತುಂಬುತ್ತದೆ. ದಿನನಿತ್ಯಕ್ಕೆ ಇದರ ಅರ್ಧದ್ದೂ ಸಾಕು. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿನದಕ್ಕೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಕಿಲ್ಲ, ಆದರೂ ವಿಮಾನ ಕಂಪನಿಗಳು ಈಚೆಗೆ ಬಿಗಿ ನಿಯಮಗಳನ್ನು ತರುತ್ತಿರುವುದರಿಂದ ಪ್ರತಿ ಬಾರಿಯೂ ನೋಡಿಕೊಳ್ಳಿ.

ಟಾರ್ಚಿನ ವಿಷಯದಲ್ಲಿ ನನ್ನದು ಹಟದ ಅಭಿಪ್ರಾಯ: ಮೊಬೈಲಿನ ಬೆಳಕು ಟಾರ್ಚಲ್ಲ, ಅದು ನಿಮ್ಮ ಮಾತಿನ ಶಕ್ತಿಯನ್ನು ಸುಟ್ಟು ಕೊಡುವ ಬೆಳಕು. ಚಾರಣಕ್ಕೆ ತಲೆಗೆ ಕಟ್ಟುವ ಟಾರ್ಚು, ದಿನಚರಿಗೆ ಬೀಗದಕೈ ಗೊಂಚಲಿಗೆ ನೇತುಹಾಕುವ ಹೆಬ್ಬೆರಳಿನಷ್ಟು ಟಾರ್ಚು ಇರಲಿ. ಸಾವಿರ ಲುಮೆನ್ನಿನ (ಲುಮೆನ್ ಎಂದರೆ ಬೆಳಕಿನ ಅಳತೆ) ಜಾಹೀರಾತು ನೋಡಿ ಕೊಳ್ಳಬೇಡಿ. ನಕ್ಷೆ ಓದಲು, ಗಾಯ ಕಟ್ಟಲು ಐದು ಹತ್ತು ಲುಮೆನ್ ಸಾಕು, ಮತ್ತು ಆ ಮಂದ ಬೆಳಕಿನಲ್ಲಿ ಅದು ಎಷ್ಟು ಗಂಟೆ ಉರಿಯುತ್ತದೆ ಎಂಬುದೇ ನಿಮಗೆ ಬೇಕಾದ ಸಂಖ್ಯೆ.

ಗಾಯಗಳಿಗೆ ಬಂದರೆ, ಸಿದ್ಧ ಪೆಟ್ಟಿಗೆಗಳಲ್ಲಿ ಹತ್ತಾರು ಚಿಕ್ಕ ಪಟ್ಟಿಗಳನ್ನು ತುಂಬಿರುತ್ತಾರೆ, ಪ್ರಾಣ ತೆಗೆಯುವ ರಕ್ತಸ್ರಾವಕ್ಕೆ ಏನೂ ಇರುವುದಿಲ್ಲ. ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರು ರಕ್ತ. ದೊಡ್ಡ ಅಪಧಮನಿ ಹರಿದರೆ ಕೆಲವೇ ನಿಮಿಷಗಳಲ್ಲಿ ಅದು ಬರಿದಾಗಬಲ್ಲದು. ಒಂದು ಸುರುಳಿ ಗಾಜ್ ಬಟ್ಟೆ, ಒಂದು ಅಗಲವಾದ ಹಿಗ್ಗುವ ಬ್ಯಾಂಡೇಜು, ಒಂದು ಜೊತೆ ಕೈಗವಸು ಇಷ್ಟು ನಿಮ್ಮ ಅಂಗೈಯಲ್ಲಿ ಹಿಡಿಯುತ್ತವೆ. ಗಾಯದ ಮೇಲೆ ಗಾಜ್ ಇಟ್ಟು ಎರಡೂ ಕೈಗಳ ಭಾರ ಹಾಕಿ ಒತ್ತಿಹಿಡಿಯುವುದು, ನಿಂತಿತೇ ಎಂದು ನಡುನಡುವೆ ಎತ್ತಿ ನೋಡದಿರುವುದು, ಇವೆರಡರಿಂದಲೇ ಬಹುಪಾಲು ರಕ್ತಸ್ರಾವ ಹತೋಟಿಗೆ ಬರುತ್ತದೆ. ಕೈಕಾಲಿನಿಂದ ಚಿಮ್ಮುವ ರಕ್ತ ಒತ್ತಡಕ್ಕೆ ಬಗ್ಗದಿದ್ದರೆ ಮಾತ್ರ ಟೂರ್ನಿಕೆಟ್ ಎಂಬ ಬಿಗಿಪಟ್ಟಿಯನ್ನು ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬಾರದಂತೆ ಬಿಗಿದು, ಬಿಗಿದ ಸಮಯವನ್ನು ಬರೆದಿಡಬೇಕು. ಇದನ್ನು ಒಂದು ದಿನದ ತರಬೇತಿಯಲ್ಲಿ ಕೈಯಾರೆ ಮಾಡಿ ಕಲಿಯಿರಿ. ಮಣಿಕಟ್ಟಿಗೆ ಹೆಣೆದುಕೊಳ್ಳುವ ಪ್ಯಾರಾಕಾರ್ಡ್ ಎಂಬ ತೆಳುಹಗ್ಗದ ಬಳೆಯನ್ನು ಬಿಚ್ಚಿ ಟೂರ್ನಿಕೆಟ್ ಮಾಡಬಹುದೆಂಬ ಸಲಹೆ ಅಪಾಯಕಾರಿ. ತೆಳುದಾರ ಮಾಂಸವನ್ನು ಕೊರೆಯುತ್ತದೆ, ಆಳದ ಅಪಧಮನಿಯನ್ನು ಒತ್ತಿಹಿಡಿಯುವುದಿಲ್ಲ. ಹಾವು ಕಚ್ಚಿದಾಗಲಂತೂ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದನ್ನೂ ಮಾಡಬಾರದು. ‘ವಿಷ ಹೀರುವ ಪಂಪು’ ಇರುವ ಕಿಟ್ಟುಗಳನ್ನು ಮಾರುತ್ತಾರೆ, ಅದಕ್ಕೆ ದುಡ್ಡು ಹಾಕಬೇಡಿ. ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ, ಉಂಗುರ-ಬಳೆ ತೆಗೆದು, ಆಸ್ಪತ್ರೆಗೆ ಸಾಗಿಸುವುದೇ ಮಾಡಬೇಕಾದ ಕೆಲಸ.

ಗೆಳತಿಯ ಅಣ್ಣನವರ ಸ್ಟ್ರಾ ಒಳ್ಳೆಯ ವಸ್ತುವೇ, ಆದರೆ ಅದರ ಮಿತಿಗಳನ್ನು ಅವರು ಹೇಳಿದಂತಿಲ್ಲ. ಸುಮಾರು 0.2 ಮೈಕ್ರಾನ್ ರಂಧ್ರದ ಆ ಸೋಸುಕ ಬ್ಯಾಕ್ಟೀರಿಯಾ ಮತ್ತು ಜಿಯಾರ್ಡಿಯಾದಂಥ ಏಕಕೋಶ ಜೀವಿಗಳನ್ನು ತಡೆಯುತ್ತದೆ. ಅದಕ್ಕಿಂತ ಬಹಳ ಚಿಕ್ಕದಾದ ವೈರಸ್ಸುಗಳೂ, ಕರಗಿದ ಕೀಟನಾಶಕಗಳೂ ದಾಟಿಹೋಗುತ್ತವೆ. ಒಮ್ಮೆ ಬಳಸಿ ಒದ್ದೆಯಾದ ಸ್ಟ್ರಾ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ, ಹೊರಗಿನಿಂದ ಅದು ತಿಳಿಯುವುದಿಲ್ಲ. ಕ್ಲೋರಿನ್ ಡಯಾಕ್ಸೈಡ್ ಮಾತ್ರೆಗಳು ಇನ್ನೂ ಹಗುರ. ಬ್ಯಾಕ್ಟೀರಿಯಾ-ವೈರಸ್ಸುಗಳಿಗೆ ಸುಮಾರು 30 ನಿಮಿಷ, ಕ್ರಿಪ್ಟೋಸ್ಪೊರಿಡಿಯಮ್ ಎಂಬ ಗಟ್ಟಿಜೀವಿಗೆ 4 ಗಂಟೆ ಬಿಡಬೇಕು. ಕುದಿಸಲು ಸಾಧ್ಯವಿದ್ದರೆ ಚೆನ್ನಾಗಿ ಕೊತಕೊತ ಕುದಿದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಸಾಕು. ಆದರೂ ದಿನದ ಚಾರಣಕ್ಕೆ ನನ್ನ ಸಲಹೆ ಇವೆಲ್ಲಕ್ಕಿಂತ ಸರಳ: ಬೇಕೆನಿಸಿದ್ದಕ್ಕಿಂತ ಒಂದು ಬಾಟಲಿ ಹೆಚ್ಚು ನೀರು ಹೊತ್ತೊಯ್ಯಿರಿ, ನಾಲ್ಕು ಮಾತ್ರೆಗಳನ್ನು ಇಟ್ಟುಕೊಳ್ಳಿ. ಬಾಯಾರಿ ಕುಸಿಯುವ ಸ್ಥಿತಿ ಬಂದರೆ ಅನುಮಾನದ ತೊರೆನೀರನ್ನಾದರೂ ಕುಡಿಯಿರಿ. ಜಿಯಾರ್ಡಿಯಾ ಕಾಡುವುದು ಸಾಮಾನ್ಯವಾಗಿ ಒಂದೆರಡು ವಾರಗಳ ಬಳಿಕ, ಅಷ್ಟರಲ್ಲಿ ನೀವು ವೈದ್ಯರ ಮುಂದೆ ಕುಳಿತಿರುತ್ತೀರಿ. ಸಮುದ್ರದ ನೀರಿಗೂ ಮೂತ್ರಕ್ಕೂ ಈ ಮಾತು ಅನ್ವಯಿಸುವುದಿಲ್ಲ, ಅವುಗಳಲ್ಲಿನ ಲವಣವನ್ನು ಹೊರಹಾಕಲು ದೇಹ ಇರುವ ನೀರನ್ನೂ ಕಳೆದುಕೊಳ್ಳುತ್ತದೆ.

ದೊಡ್ಡ ಚಾಕು ಬೇಡವೇ ಬೇಡ. ಬಟ್ಟೆ, ಪಟ್ಟಿ, ಹಗ್ಗ, ಪ್ಲಾಸ್ಟಿಕ್ ಚೀಲ ಇವಿಷ್ಟನ್ನು ಕತ್ತರಿಸಲು ಮೊಂಡುತುದಿಯ ಗಟ್ಟಿ ಕತ್ತರಿ ಚಾಕುವಿಗಿಂತ ಚೆನ್ನಾಗಿ ನಡೆಯುತ್ತದೆ, ನಡುಗುವ ಕೈಯಲ್ಲಿ ನಿಮ್ಮನ್ನೇ ಕೊಯ್ಯುವುದೂ ಇಲ್ಲ. ಚಾಕು ಬೇಕೆನಿಸಿದರೆ ಬೆರಳುದ್ದದ ಮಡಚುವ ಅಲಗು ಸಾಕು. ಅಲಗಿನ ಉದ್ದ, ಬಿಚ್ಚಿದಾಗ ಬೀಗ ಬೀಳುವುದು, ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಕಾರಣ ಇವುಗಳ ಬಗ್ಗೆ ಕಾನೂನು ದೇಶದಿಂದ ದೇಶಕ್ಕೆ ಬೇರೆ. ರೈಲು ನಿಲ್ದಾಣದ ತಪಾಸಣೆಯಲ್ಲಿ ‘ಆತ್ಮರಕ್ಷಣೆಗಾಗಿ’ ಎಂಬ ಉತ್ತರ ಹಲವೆಡೆ ನಿಮ್ಮನ್ನು ಕಾಪಾಡುವ ಬದಲು ಸಿಕ್ಕಿಸುತ್ತದೆ. ವಿಮಾನ ಪ್ರಯಾಣದ ಹಿಂದಿನ ರಾತ್ರಿ ಚಾಕು ಮತ್ತು ಕತ್ತರಿಯನ್ನು ದೊಡ್ಡ ಪೆಟ್ಟಿಗೆಗೆ ದಾಟಿಸಿ. ಲೈಟರನ್ನು ಮಾತ್ರ ಆ ಪೆಟ್ಟಿಗೆಗೂ ಹಾಕುವಂತಿಲ್ಲ, ಕೆಲವು ದೇಶಗಳಲ್ಲಿ ಜೇಬಿನಲ್ಲೂ ಒಯ್ಯುವಂತಿಲ್ಲ, ಆದ್ದರಿಂದ ಮನೆಯಲ್ಲೇ ಬಿಡಿ.

ಲಿಫ್ಟಿನ ಬಗ್ಗೆ ಒಂದೆರಡು ಮಾತು, ಏಕೆಂದರೆ ಆಸ್ತಮಾ ಇರುವವರಿಗೆ ಗಾಳಿ ಮುಗಿದುಹೋಗುತ್ತದೆಂಬ ಭಯವೇ ಉಬ್ಬಸ ತರಿಸಬಹುದು. ಲಿಫ್ಟಿನ ಕೋಣೆ ಗಾಳಿಯಾಡದ ಪೆಟ್ಟಿಗೆಯಲ್ಲ, ಅದರಲ್ಲಿ ಗಾಳಿಗಂಡಿಗಳಿರುತ್ತವೆ. ಗಂಟೆಗಟ್ಟಲೆ ಕುಳಿತರೂ ಉಸಿರಾಡುವ ಗಾಳಿಗೆ ಕೊರತೆಯಾಗದು, ಸೆಖೆಯಾಗಬಹುದು ಅಷ್ಟೆ. ಅಪಾಯವಿರುವುದು ಬಾಗಿಲನ್ನು ಮೀಟಿ ಹೊರಗೆ ಜಿಗಿಯುವುದರಲ್ಲಿ. ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಒದ್ದೆ ಬಟ್ಟೆ ಅಥವಾ ಎನ್95 ಮುಖಗವಸು ಹೊಗೆಯಿಂದ ಕಾಪಾಡುತ್ತದೆ ಎಂಬುದು ಅರ್ಧಸತ್ಯ: ಮಸಿಯ ಕಣಗಳನ್ನು ಅವು ಅಷ್ಟಿಷ್ಟು ತಡೆಯಬಹುದು, ಪ್ರಾಣ ತೆಗೆಯುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ತಡೆಯುವುದಿಲ್ಲ. ಮುಖಗವಸು ಧೂಳಿಗಾಗಿ ಚೀಲದಲ್ಲಿರಲಿ, ಆದರೆ ಅದನ್ನು ನಂಬಿ ಹೊಗೆಯೊಳಗೆ ನುಗ್ಗಬೇಡಿ.

ಇವೆಲ್ಲವನ್ನೂ ಒಂದೇ ಡಬ್ಬಿಗೆ ತುರುಕುವುದನ್ನು ಬಿಟ್ಟು ಮೂರು ಕಡೆ ಹಂಚಿ. ವೃತ್ತಿಯ ಆರಂಭದಲ್ಲಿ ನಾನೂ ನಾಲ್ಕು ಕಿಲೋ ತೂಕದ ‘ಸರ್ವಸನ್ನದ್ಧ’ ಚೀಲ ಮಾಡಿಕೊಂಡಿದ್ದೆ. ನನಗೆ ಪೆಟ್ಟಾದ ದಿನ ಅದು ವಾಹನದ ಹಿಂಬದಿಯಲ್ಲಿ ಸುಖವಾಗಿ ಮಲಗಿತ್ತು. ಮೈಮೇಲೆ, ಅಂದರೆ ಜೇಬಿನಲ್ಲಿ ಮತ್ತು ಬೀಗದಕೈ ಗೊಂಚಲಿನಲ್ಲಿ, ಫೋನು, ಸೀಟಿ, ಪುಟ್ಟ ಟಾರ್ಚು, ಸ್ವಲ್ಪ ನಗದು, ಮತ್ತು ಮುಖ್ಯವಾದ ಮೂರು ದೂರವಾಣಿ ಸಂಖ್ಯೆ, ರಕ್ತದ ಗುಂಪು, ಕಾಯಿಲೆ, ಔಷಧ, ಅಲರ್ಜಿ ಬರೆದ ಒಂದು ಚೀಟಿ. ಫೋನು ಸತ್ತಾಗ ಯಾರ ಸಂಖ್ಯೆಯೂ ನಮಗೆ ಬಾಯಿಗೆ ಬರುವುದಿಲ್ಲ. ಕಚೇರಿಯ ಚೀಲದಲ್ಲಿ ಕನ್ನಡಕದ ಪೆಟ್ಟಿಗೆಯಷ್ಟು ಸಂಚಿಯೊಳಗೆ ಪವರ್ ಬ್ಯಾಂಕು, ತಂತಿ, ಗಾಜ್, ಬ್ಯಾಂಡೇಜು, ಕೈಗವಸು, ನಾಲ್ಕು ಸೇಫ್ಟಿ ಪಿನ್ನು, ಪೆನ್ನಿಗೆ ಸುತ್ತಿದ ಎರಡು ಮೀಟರು ಗಟ್ಟಿ ಅಂಟುಪಟ್ಟಿ, ಮುಖಗವಸು; ಜೊತೆಗೆ ನೀರಿನ ಬಾಟಲಿ. ಸಂಚಿಯ ತೂಕ ಅರ್ಧ ಕಿಲೋ ದಾಟಿದರೆ ಮೂರನೆಯ ವಾರಕ್ಕೆ ಅದು ಮನೆಯಲ್ಲೇ ಉಳಿಯುತ್ತದೆ, ಇದನ್ನು ಬರೆದಿಟ್ಟುಕೊಳ್ಳಿ. ಚಾರಣದ ಚೀಲದಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ, ಬೆಚ್ಚನೆಯ ಅಂಗಿ-ಟೋಪಿ, ತಲೆಟಾರ್ಚು, ಲೈಟರು, ನೀರಿನ ಮಾತ್ರೆ, ಕತ್ತರಿ, ಒಂದು ಹೊತ್ತಿಗಾಗುವ ತಿಂಡಿ. ನಿಮ್ಮ ತಗಡಿನ ಡಬ್ಬಿಯಿಂದ ಬೆಳ್ಳಿ ಹಾಳೆಯನ್ನು ಈ ಚೀಲಕ್ಕೆ ದಾಟಿಸಿ, ಸೂಜಿ-ದಾರ ಇದ್ದರೆ ತೆಗೆದುಕೊಳ್ಳಿ, ಸೀಟಿಯಿದ್ದರೆ ಊದಿ ನೋಡಿ. ಉಳಿದವು ಅಲ್ಲೇ ಇರಲಿ.

ಇನ್ಹೇಲರನ್ನು ನೀವು ‘ಅಂದಹಾಗೆ’ ಎಂದು ಕೊನೆಯ ಸಾಲಿಗೆ ಬಿಟ್ಟಿದ್ದೀರಿ. ನನ್ನ ಪಟ್ಟಿಯಲ್ಲಿ ಅದು ಮೊದಲ ಸಾಲು. ಮೂರರ ಸೂತ್ರದಲ್ಲಿ ಉಸಿರಿನದು ನಿಮಿಷಗಳ ಲೆಕ್ಕ, ಮತ್ತು ಇಪ್ಪತ್ತೇಳು ಸಾಮಾನುಗಳಲ್ಲಿ ಒಂದೂ ಅದರ ಬದಲಿಗೆ ನಿಲ್ಲದು. ತಕ್ಷಣ ಉಪಶಮನ ಕೊಡುವ ಇನ್ಹೇಲರು ಚೀಲದಲ್ಲಲ್ಲ, ಜೇಬಿನಲ್ಲಿರಬೇಕು. ವೈದ್ಯರನ್ನು ಕೇಳಿ ಎರಡನೆಯದೊಂದನ್ನು ಪಡೆದು ಕಚೇರಿಯ ಚೀಲದಲ್ಲಿಡಿ, ಮತ್ತು ಅದು ಎಲ್ಲಿದೆ, ಹೇಗೆ ಕೊಡಬೇಕು ಎಂಬುದನ್ನು ಗೆಳತಿಯರಿಗೆ ತೋರಿಸಿಕೊಡಿ. ಎಣಿಕೆ ತೋರಿಸುವ ಮಾದರಿ ಸಿಕ್ಕರೆ ಅದನ್ನೇ ಕೇಳಿ ಪಡೆಯಿರಿ, ಏಕೆಂದರೆ ಔಷಧ ಮುಗಿದ ಮೇಲೂ ಒಳಗಿನ ಅನಿಲ ಸ್ವಲ್ಪ ಹೊತ್ತು ಚಿಮ್ಮುತ್ತಲೇ ಇದ್ದು ಇನ್ನೂ ಇದೆಯೆಂಬ ಭ್ರಮೆ ಹುಟ್ಟಿಸುತ್ತದೆ. ನೀರಲ್ಲಿ ತೇಲಿಸಿ ನೋಡುವ ಹಳೆಯ ಉಪಾಯ ನಂಬಲರ್ಹವಲ್ಲ. ಬಹಳ ದಿನ ಬಳಸದಿದ್ದರೆ ಜೊತೆಗಿರುವ ಸೂಚನೆಯಂತೆ ಒಂದೆರಡು ಬಾರಿ ಗಾಳಿಗೆ ಸಿಂಪಡಿಸಿ ಸಿದ್ಧಮಾಡಿಕೊಳ್ಳಬೇಕು. ಬಿಸಿಲಲ್ಲಿ ನಿಲ್ಲಿಸಿದ ವಾಹನದಲ್ಲಿ ಬಿಡಬೇಡಿ, ಅದು ಒತ್ತಡ ತುಂಬಿದ ಡಬ್ಬಿ. ಚಳಿಯಲ್ಲಿ ಅಂಗೈಯಲ್ಲಿ ಬೆಚ್ಚಗೆ ಮಾಡಿ ಬಳಸಿ.

ಸಂಚಿ ಕಟ್ಟಿದ ಮೇಲೆ ಅದನ್ನು ಮರೆತುಬಿಡುವುದೇ ಹೆಚ್ಚು. ಒಂದು ಮಳೆಯ ರಾತ್ರಿ ಕರೆ ಬಂದಾಗ ನನ್ನ ಟಾರ್ಚು ತೆರೆದರೆ ಆಲ್ಕಲೈನ್ ಬ್ಯಾಟರಿಗಳು ಸೋರಿ, ಸ್ಪ್ರಿಂಗುಗಳನ್ನೆಲ್ಲ ಬಿಳಿಯ ಪುಡಿ ತಿಂದುಹಾಕಿತ್ತು. ಅಂದಿನಿಂದ ಅಪರೂಪಕ್ಕೆ ಬಳಸುವ ಟಾರ್ಚಿಗೆ ಸುಲಭವಾಗಿ ಸೋರದ, ಕೆಡದೆ ಬಹಳ ವರ್ಷ ಉಳಿಯುವ, ರೀಚಾರ್ಜ್ ಮಾಡಲಾಗದ ಲಿಥಿಯಂ ಬ್ಯಾಟರಿಯನ್ನೇ ಹಾಕುತ್ತೇನೆ, ಅದನ್ನೂ ಹೊರಗೆ ತೆಗೆದು ಪಕ್ಕದಲ್ಲಿಟ್ಟಿರುತ್ತೇನೆ. ಆರು ತಿಂಗಳಿಗೊಮ್ಮೆ ಇನ್ಹೇಲರಿನ ಮತ್ತು ಮಾತ್ರೆಗಳ ಅವಧಿ ನೋಡಿ, ಪವರ್ ಬ್ಯಾಂಕನ್ನು ಚಾರ್ಜು ಮಾಡಿ. ಈ ವಾರ ಒಂದು ಸಂಜೆ ಕೋಣೆಯ ದೀಪವಾರಿಸಿ, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಯೊಂದರಿಂದಲೇ ಸಂಚಿ ಬಿಚ್ಚಿ ಟಾರ್ಚು ಹೊತ್ತಿಸಿ, ಗಾಜ್ ಹೊರತೆಗೆಯಲು ಪ್ರಯತ್ನಿಸಿ. ಯಾವ ಜಿಪ್ಪು ಬಿಗಿಯಾಗಿದೆ, ಯಾವ ಪೊಟ್ಟಣ ಹಲ್ಲಿನಿಂದ ಹರಿಯುವುದಿಲ್ಲ, ಯಾವುದು ತಳಕ್ಕೆ ಹೋಗಿ ಕುಳಿತಿದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಸಂಚಿಯನ್ನು ಆ ಪ್ರಕಾರ ಮತ್ತೆ ಜೋಡಿಸಿ, ಮರುದಿನ ಅದರೊಂದಿಗೆ ರೈಲು ಹತ್ತಿ.